ಶಿವರಾತ್ರಿಗೆ ಬಿತ್ತಿ, ಹತ್ತಡಿಯಲ್ಲೇ ಬಿತ್ತಿ

ಶಿವರಾತ್ರಿ ಹತ್ತಿರ ಬರುವಷ್ಟರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ಸುಗ್ಗಿ ಮುಗಿಯುತ್ತ ಬರುತ್ತದೆ. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ತಿಂಗಳುಗಟ್ಟಲೆ ನಡೆದ ಕೆಲಸ ಒಂದು ಹದಕ್ಕೆ ಬಂದು ಮನೆಮಂದಿಗೂ ಅಂಗಳಕ್ಕೂ ಬಿಡುವು ಸಿಗುತ್ತದೆ. ಗದ್ದೆ ಮಾಡುವವರ ಭತ್ತ ಆಗಲೇ ಮನೆ ಸೇರಿರುತ್ತದೆ. ಬೆಳಗಿನ ಮಂಜು ಕರಗುತ್ತಿದ್ದಂತೆ ತಿಳಿಬಿಸಿಲು ಬೀಳುತ್ತದೆ. ಎಲೆ ಉದುರಿಸಿದ ಹಾಲವಾಣ ಮೈತುಂಬ ಕೆಂಪು ಹೂ ಹೊತ್ತಿರುತ್ತದೆ, ಅದರ ಮಕರಂದಕ್ಕೆ ಸೂರಕ್ಕಿಗಳು ಮುತ್ತುತ್ತವೆ, ಕುಟ್ರ ಹಕ್ಕಿಯ ಕೂಗು ಮಧ್ಯಾಹ್ನದವರೆಗೂ ನಿಲ್ಲುವುದಿಲ್ಲ. ಕಾಫಿ ಇರುವವರು ಹೂಮಳೆಗಾಗಿ ಆಕಾಶ ನೋಡುತ್ತಾರೆ. ಮನೆಯಿಂದ ಹೊರಗೆ ಕಾಲ ಕಳೆಯಲು ಮಲೆನಾಡಿನಲ್ಲಿ ಇದಕ್ಕಿಂತ ಹಿತವಾದ ದಿನಗಳಿಲ್ಲ. ತರಕಾರಿ ಬಿತ್ತುವುದಕ್ಕೂ ಇವೇ ಒಳ್ಳೆಯ ದಿನಗಳು.

ಆದರೂ ನರಸಿಂಹರಾಜಪುರ ತಾಲ್ಲೂಕಿನ ಶೆಟ್ಟಿಕೊಪ್ಪದಂಥ ಹಸಿರು ಊರುಗಳಲ್ಲಿ ಕೂಡ ಅನೇಕ ಮನೆಗಳ ತರಕಾರಿ ಬರುವುದು ಸಂತೆಯಿಂದ, ಬಯಲುಸೀಮೆಯ ಹೊಲಗಳಿಂದ. ಸುತ್ತ ತೋಟವಿದ್ದೂ ಬೆಂಡೆ, ಬೀನ್ಸ್, ಕೊತ್ತಂಬರಿಗೆ ಪೇಟೆಯ ದಾರಿ ಕಾಯಬೇಕು. ಏಕೆ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ: ಮಂಗನ ಕಾಟ, ಬೇಸಿಗೆಯಲ್ಲಿ ನೀರಿಲ್ಲ, ಆಳು ಸಿಗುವುದಿಲ್ಲ, ಈ ಮಣ್ಣಿಗೆ ತರಕಾರಿ ಒಗ್ಗುವುದಿಲ್ಲ. ಇವುಗಳಲ್ಲಿ ಒಂದೂ ಸುಳ್ಳು ನೆಪವಲ್ಲ. ಆದರೆ ಒಂದೊಂದನ್ನೂ ಬಿಡಿಸಿ ನೋಡಿದರೆ ಎಲ್ಲವೂ ಒಂದೇ ಕಡೆ ಕೈ ತೋರಿಸುತ್ತವೆ. ಕಾಲು ಎಕರೆಯ ತರಕಾರಿ ಹೊಲ ಇಲ್ಲಿ ಕಷ್ಟ. ಅಡುಗೆಮನೆಯ ಬಾಗಿಲಿಗೆ ಕಾಣುವಂತೆ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಪಾತಿ ಪ್ರತಿ ಮನೆಗೂ ಸಾಧ್ಯ. ಚಿಕ್ಕದಾಗಿರುವುದೇ ಅದರ ಬಲ. ಹೇಗೆ ಎಂದು ಒಂದೊಂದಾಗಿ ನೋಡೋಣ.

ಈ ಕಾಲವೇ ಏಕೆ

ಚಳಿ ದೇಶಗಳಲ್ಲಿ ಮಾರ್ಚ್ ತಿಂಗಳಲ್ಲಿ ಬಿತ್ತುವುದಕ್ಕೆ ಕಾರಣ ಹಿಮ. ನೆಲ ಬಿಸಿಯಾಗುವವರೆಗೆ ಅಲ್ಲಿ ಬೀಜ ಮೊಳೆಯುವುದಿಲ್ಲ, ಕೊನೆಯ ಹಿಮ ಕಳೆದ ಮೇಲೆಯೇ ಬಿತ್ತನೆ. ಮೊಬೈಲಿನಲ್ಲಿ ನಾವು ನೋಡುವ ಕೈತೋಟದ ಪಾಠಗಳಲ್ಲಿ ಬಹಳಷ್ಟು ಆ ನೆಲಕ್ಕೆ ಹೊಂದಿದವು. ಮಲೆನಾಡಿನ ಲೆಕ್ಕ ಬೇರೆ. ನಮ್ಮ ನೆಲ ವರ್ಷವಿಡೀ ಬೆಚ್ಚಗೇ ಇರುತ್ತದೆ. ಇಲ್ಲಿ ಗಡುವು ಹಾಕುವುದು ಮುಂಗಾರು.

ಜೂನ್ ಮೊದಲ ವಾರ ಕಳೆದು ಮೃಗಶಿರಾ ಮಳೆ ಹಿಡಿದರೆ ಮುಂದಿನ ಮೂರು ತಿಂಗಳು ಮೋಡ, ಜಿಟಿಜಿಟಿ, ನಿಂತ ನೀರು. ಶೃಂಗೇರಿ ಕಡೆಯಿಂದ ನರಸಿಂಹರಾಜಪುರದ ಕಡೆಗೆ ಬಂದಂತೆ ಮಳೆ ಕಡಿಮೆಯಾಗುತ್ತ ಹೋಗುವುದು ನಿಜ. ಆದರೂ ಎಳೆಯ ತರಕಾರಿ ಗಿಡದ ಬೇರು ಕೊಳೆಯಲು ಆ ಕಡಿಮೆ ಮಳೆಯೇ ಸಾಕು. ಚಪ್ಪರಕ್ಕೆ ಹಬ್ಬುವ ಮಳೆಗಾಲದ ಸೌತೆ, ಹೀರೆ, ಹಾಗಲ ಬಿಟ್ಟರೆ ನೆಲದ ಮೇಲಿನ ಹೆಚ್ಚಿನ ತರಕಾರಿಗೆ ಆ ದಿನಗಳು ಆಗಿಬರುವುದಿಲ್ಲ.

ಹಾಗಾಗಿ ಶಿವರಾತ್ರಿಯಿಂದ ಮುಂಗಾರಿನವರೆಗೆ ಸಿಗುವುದು ಮೂರೂವರೆ ತಿಂಗಳು. ಇಷ್ಟರಲ್ಲಿ ಏನೇನು ಬರುತ್ತದೆ ನೋಡಿ. ಹರಿವೆ ಬಿತ್ತಿದ ಒಂದು ತಿಂಗಳಿಗೆ ಕೀಳಲು ಸಿಗುತ್ತದೆ. ಬೆಂಡೆ, ಸೌತೆ, ಅಲಸಂದೆ ಸುಮಾರು ಐವತ್ತು ದಿನಕ್ಕೆ ಕಾಯಿ ಬಿಡಲು ಶುರುಮಾಡುತ್ತವೆ. ಹೀರೆ, ಹಾಗಲ, ಮೊಗೆಕಾಯಿಗೆ ಎರಡು ತಿಂಗಳು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಸಿಹಿಗುಂಬಳ, ಬೂದುಗುಂಬಳ ಬಲಿಯಲು ಮೂರೂವರೆ ನಾಲ್ಕು ತಿಂಗಳು ಬೇಕಾದ್ದರಿಂದ ಅವನ್ನು ಮೊದಲ ದಿನವೇ ಊರಬೇಕು. ಫೆಬ್ರುವರಿಯಲ್ಲಿ ಬಿತ್ತಿದವರು ಯುಗಾದಿ ಆಸುಪಾಸಿಗೆ ಸೊಪ್ಪು, ಏಪ್ರಿಲ್‌ನಲ್ಲಿ ಕಾಯಿ ಕೊಯ್ಯುತ್ತಾರೆ. ಏಪ್ರಿಲ್ ಕೊನೆಗೆ ಬಿತ್ತಿದರೆ ಕಾಯಿ ಬಲಿಯುವ ಹೊತ್ತಿಗೆ ಮಳೆ ಬಾಗಿಲಲ್ಲಿ ನಿಂತಿರುತ್ತದೆ.

ಈ ಲೆಕ್ಕ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಕೊಯ್ಲಾದ ಗದ್ದೆಯಲ್ಲಿ ಬೇಸಿಗೆಗೆ ಮೊಗೆಕಾಯಿ ಬೆಳೆದು, ಬಲಿತ ಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿ, ಮಳೆಗಾಲ ಪೂರ್ತಿ ಹುಳಿಗೆ ಬಳಸುತ್ತಿದ್ದರು. ಬೂದುಗುಂಬಳದ ಸಿಪ್ಪೆಯ ಮೇಲಿನ ಬಿಳಿ ಪುಡಿ ಒಂದು ಬಗೆಯ ಮೇಣ. ಒಳಗಿನ ನೀರು ಆರದಂತೆ ಅದು ತಡೆಯುವುದರಿಂದ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬೇಸಿಗೆಯ ಬಿಸಿಲನ್ನು ಮಳೆಗಾಲದ ಅಡುಗೆಗೆ ಕೂಡಿಡುವ ಈ ಕ್ರಮಕ್ಕೆ ಫ್ರಿಜ್ ಬೇಡ, ಕರೆಂಟ್ ಬೇಡ.

ಮಣ್ಣು ಕೆಟ್ಟದ್ದಲ್ಲ, ಹುಳಿಯಾಗಿದೆ

ನಮ್ಮದು ಬಹುಮಟ್ಟಿಗೆ ಕೆಂಪು ಜಂಬಿಟ್ಟಿಗೆ ನೆಲ. ಸಾವಿರಾರು ವರ್ಷಗಳ ಮಳೆ ಅದರಲ್ಲಿದ್ದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ತೊಳೆದು ಒಯ್ದಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಇದರಿಂದ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣದ ಜೊತೆ ಕಟ್ಟಿಕೊಂಡು ಕೂರುವುದರಿಂದ ಬೇರಿಗೆ ಸಿಗುವುದಿಲ್ಲ. ಟೊಮೆಟೊ, ಬದನೆ, ಮೆಣಸಿನ ಗಿಡಗಳು ನಿನ್ನೆ ಚೆನ್ನಾಗಿದ್ದು ಇಂದು ಹಸಿರಾಗಿಯೇ ಬಾಡಿ ಬೀಳುವ ಸೊರಗು ರೋಗದ ಬ್ಯಾಕ್ಟೀರಿಯಾಕ್ಕೂ ಹುಳಿ ಮತ್ತು ತೇವ ಸೇರಿದ ಮಣ್ಣು ಅನುಕೂಲ.

ಪರಿಹಾರ ಮನೆಯಲ್ಲೇ ಇದೆ. ಬಚ್ಚಲೊಲೆಯ ಬೂದಿಯಲ್ಲಿ ಸುಣ್ಣವೂ ಇದೆ, ಪೊಟ್ಯಾಷ್ ಕೂಡ ಇದೆ, ಅದು ಹುಳಿಯನ್ನೂ ತಗ್ಗಿಸುತ್ತದೆ. ಹತ್ತಡಿ ಚೌಕಕ್ಕೆ ಸುಮಾರು 1 ಕಿಲೋ ಜರಡಿ ಹಿಡಿದ ಬೂದಿ ಸಾಕು, ಹೆಚ್ಚಾದರೆ ತೊಂದರೆ. ಇದರ ಜೊತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 20ರಿಂದ 25 ಕಿಲೋ ಬೇಕು. ಎರಡನ್ನೂ ಒಟ್ಟಿಗೆ ಕಲಸಿ ಹಾಕುವ ರೂಢಿ ಬಿಡಬೇಕು. ಹಸಿ ಸಗಣಿಗೆ ಬೂದಿ ತಾಗಿದರೆ ಅದರಲ್ಲಿರುವ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಬೂದಿ ಹಾಕಿ ಮಣ್ಣಿಗೆ ಸೇರಿಸಿ, ಒಂದು ವಾರ ಬಿಟ್ಟು ಗೊಬ್ಬರ ಹಾಕಿದರೆ ಎರಡೂ ದಕ್ಕುತ್ತವೆ.

ದರಗು, ಕಡ್ಡಿ, ಮಣ್ಣು ಒಟ್ಟಿ ಸುಡುವ ಸುಡುಮಣ್ಣಿನ ಪದ್ಧತಿಯೂ ನಮ್ಮಲ್ಲಿದೆ. ಕಳೆಯ ಬೀಜ ಸಾಯುತ್ತದೆ, ಪೊಟ್ಯಾಷ್ ಸಿಗುತ್ತದೆ, ಹಾಗಾಗಿ ಮೊದಲ ಬೆಳೆ ಚೆನ್ನಾಗಿಯೇ ಬರುತ್ತದೆ. ಆದರೆ ಮಣ್ಣಿಗೆ ಜೀವ ಕೊಡುವ ಸಾವಯವ ಅಂಶ ಹೊಗೆಯಾಗುತ್ತದೆ. ಮೇಲಾಗಿ ಫೆಬ್ರುವರಿ, ಮಾರ್ಚ್ ಕಾಡ್ಗಿಚ್ಚಿನ ತಿಂಗಳು. ಕಾಡಂಚಿನ ಮನೆಗಳು ಈ ಕಾಲದಲ್ಲಿ ಬೆಂಕಿಯ ಸಹವಾಸಕ್ಕೆ ಹೋಗಬಾರದು.

ಇಷ್ಟು ಬೂದಿ, ಇಷ್ಟು ಗೊಬ್ಬರ ಹತ್ತಡಿಗೆ ಯಾರ ಮನೆಯಲ್ಲೂ ಹೊಂದುತ್ತದೆ. ದೊಡ್ಡ ಜಾಗಕ್ಕಾದರೆ ಗೊಬ್ಬರಕ್ಕೆ ಅಡಿಕೆ ತೋಟದ ಜೊತೆ ಪೈಪೋಟಿ ಶುರುವಾಗುತ್ತದೆ, ಅದರಲ್ಲಿ ಗೆಲ್ಲುವುದು ಯಾವತ್ತೂ ಅಡಿಕೆಯೇ.

ಮೂರು ಕೊಡ ನೀರು

ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಬಾವಿ ಇಳಿಯುತ್ತದೆ. ಇದ್ದ ನೀರು ತೋಟಕ್ಕೇ ಸಾಲದು ಎಂಬ ಮಾತು ಸರಿ. ತರಕಾರಿ ಪಾತಿಗೆ ಎಷ್ಟು ನೀರು ಬೇಕು ಎಂಬುದನ್ನು ಅಳೆದು ನೋಡಬೇಕು. ಈ ದಿನಗಳ ಬಿಸಿಲಿಗೆ ಮಣ್ಣು ಮತ್ತು ಎಲೆಯಿಂದ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರು ಆರುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಎಂದರೆ 1 ಲೀಟರ್. ಹತ್ತಡಿ ಚೌಕ ಸುಮಾರು 9 ಚದರ ಮೀಟರ್. ಅಂದರೆ ದಿನಕ್ಕೆ ಹೆಚ್ಚೆಂದರೆ 45 ಲೀಟರ್, ಮೂರು ಕೊಡ. ಅಕ್ಕಿ, ತರಕಾರಿ ತೊಳೆದ ನೀರೇ ಇದರಲ್ಲಿ ಒಂದು ಪಾಲು ಕೊಡಬಲ್ಲದು. ಸೋಪು ಹೆಚ್ಚಿರುವ ಬಚ್ಚಲ ನೀರನ್ನು ಸೊಪ್ಪಿಗೆ ಬಿಡದೆ ಬಾಳೆಯ ಬುಡಕ್ಕೆ ಹರಿಸುವುದು ಒಳ್ಳೆಯದು.

ಈ ಮೂರು ಕೊಡವನ್ನೂ ಇಳಿಸಬಹುದು. ಒಂದು ದಾರಿ ಪಾತಿಯ ಆಕಾರ. ಮಳೆಗಾಲದಲ್ಲಿ ನೀರು ಬಸಿಯಲು ಏರುಮಡಿ ಬೇಕು. ಬೇಸಿಗೆಯಲ್ಲಿ ಅದೇ ಏರುಮಡಿ ಬೇಗ ಒಣಗುತ್ತದೆ. ಆದ್ದರಿಂದ ಈಗ ಮಾಡುವ ಪಾತಿ ಸುತ್ತಲ ನೆಲಕ್ಕಿಂತ ನಾಲ್ಕು ಬೆರಳು ತಗ್ಗಿರಲಿ, ಅಂಚಿಗೆ ಸಣ್ಣ ಬದು ಇರಲಿ. ಇನ್ನೊಂದು ದಾರಿ ಮುಚ್ಚಿಗೆ. ಅಡಿಕೆಯ ಸೋಗೆ, ಹಾಳೆ, ಹಳೆಯ ಸಿಪ್ಪೆ ಬುಡಕ್ಕೆ ಹರಡಿದರೆ ಬಿಸಿಲು ನೇರವಾಗಿ ಮಣ್ಣಿಗೆ ತಾಗುವುದಿಲ್ಲ, ಕಳೆಯೂ ಕಡಿಮೆ. ನೀರನ್ನು ಬೆಳಗ್ಗೆಯೇ, ಎಲೆಗೆ ಎರಚದೆ ಬುಡಕ್ಕೆ ಹಾಕಬೇಕು.

ಜಾಗ ಆರಿಸುವಾಗ ನೀರಿಗಿಂತ ಮೊದಲು ಬಿಸಿಲು ನೋಡಿ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು, ಸೊಪ್ಪು ನಾಲ್ಕು ಗಂಟೆಯಲ್ಲೂ ಬರುತ್ತದೆ. ಅಡಿಕೆ ಮರದ ನೆರಳಲ್ಲಿ ಬೆಂಡೆ ಹಾಕಿ ಕಾಯಿ ಬರಲಿಲ್ಲ ಎಂದು ಮಣ್ಣನ್ನು ದೂರುವವರು ಬಹಳ. ಫೆಬ್ರುವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಸಳೆ, ಅಲಸಂದೆ, ತೊಂಡೆಯ ಚಪ್ಪರ ಪಾತಿಯ ಉತ್ತರ ಅಂಚಿಗಿರಲಿ. ಆಗ ಅದರ ನೆರಳು ಹರಿವೆ, ಬೆಂಡೆಯ ಮೇಲೆ ಬೀಳುವುದಿಲ್ಲ.

ಹೂ ಯಾವಾಗ ಅರಳುತ್ತದೆ

ಬಳ್ಳಿ ತುಂಬ ಹೂ ಬಿಟ್ಟು ಕಾಯಿ ಕಚ್ಚದೆ ಉದುರುವುದು ಹೊಸಬರನ್ನು ಎದೆಗುಂದಿಸುತ್ತದೆ. ಕುಂಬಳ, ಸೌತೆ, ಹೀರೆ, ಹಾಗಲಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರ ಮೊದಲೇ ಇರುತ್ತದೆ. ಬಳ್ಳಿ ಮೊದಲು ಗಂಡು ಹೂಗಳನ್ನೇ ಬಿಡುವುದು ರೂಢಿ. ಹತ್ತು ದಿನ ಬರೀ ಗಂಡು ಹೂ ಉದುರಿದರೆ ಗಾಬರಿಯಾಗಬೇಕಿಲ್ಲ.

ಸಿಹಿಗುಂಬಳದ ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಆ ಎರಡು ಮೂರು ಗಂಟೆಯಲ್ಲಿ ಜೇನು ಬರಲೇಬೇಕು. ಹೀರೆಯ ಹೂ ಅರಳುವುದು ಸಂಜೆ, ಸೋರೆ ಮತ್ತು ಪಡವಲದ ಬಿಳಿ ಹೂಗಳೂ ಸಂಜೆ ಕಳೆದ ಮೇಲೆ. ಕತ್ತಲಲ್ಲಿ ಕಾಣುವ ಆ ಬಿಳಿ ಬಣ್ಣ ಪತಂಗಗಳಿಗೆ ಕರೆ. ಜೇನು ಬಾರದಿದ್ದರೆ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬಹುದು. ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಜೀವಶಾಸ್ತ್ರದ ಪಾಠವಿಲ್ಲ. ಒಂದು ವಾರದಲ್ಲಿ ಉತ್ತರ ಬಳ್ಳಿಯ ಮೇಲೇ ಸಿಗುತ್ತದೆ.

ಹಾಲವಾಣ, ಮಾವು, ಕಾಡಿನ ಮರಗಳು ಹೂಬಿಡುವ ಈ ಕಾಲದಲ್ಲಿ ತುಡುವೆ ಜೇನಿನ ಓಡಾಟ ಚುರುಕಾಗಿರುತ್ತದೆ. ಅವು ನಮ್ಮ ಪಾತಿಗೂ ಬರಬೇಕೆಂದರೆ ಕೀಟನಾಶಕ ದೂರವಿರಬೇಕು. ಎಳೆ ಕುಂಬಳದೆಲೆ ತಿನ್ನುವ ಕೆಂಪು ದುಂಬಿಗೆ ಇಬ್ಬನಿ ಆರುವ ಮೊದಲು ಬೂದಿ ಉದುರಿಸಿದರೆ ಎಲೆಗೆ ಅಂಟಿಕೊಂಡು ಕೆಲಸ ಮಾಡುತ್ತದೆ. ಹಾಗಲ, ಹೀರೆಯ ಎಳೆಗಾಯಿಗೆ ಹಳೆಯ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣ ಮೊಟ್ಟೆ ಇಡಲಾರದು. ನೂರು ಬಳ್ಳಿಗೆ ಚೀಲ ಕಟ್ಟಲು ಯಾರಿಗೂ ಆಗದು, ಮೂರು ಬಳ್ಳಿಗಾದರೆ ಸಂಜೆಯ ಕಾಲು ಗಂಟೆ ಸಾಕು.

ಮಂಗ ಮತ್ತು ಉಣುಗು

ಮಲೆನಾಡಿನಲ್ಲಿ ತರಕಾರಿ ಬೆಳೆಯುವುದನ್ನು ಜನ ಕೈಬಿಡಲು ದೊಡ್ಡ ಕಾರಣ ಮಂಗ. ಹಿಂಡು ಒಮ್ಮೆ ಬಂದರೆ ತಿಂದಿದ್ದಕ್ಕಿಂತ ಕಿತ್ತು ಎಸೆದದ್ದೇ ಹೆಚ್ಚು. ಮನೆಯಿಂದ ದೂರದ ಗದ್ದೆಯಲ್ಲಿ ದಿನವಿಡೀ ಕಾವಲು ಕೂರಲು ಇವತ್ತು ಜನವಿಲ್ಲ. ಅಂಗಳದ ಪಕ್ಕದ ಪಾತಿಗೆ ಜನರ ಓಡಾಟ, ನಾಯಿಯ ಬೊಗಳುವಿಕೆಯೇ ಅರ್ಧ ಕಾವಲು. ಉಳಿದರ್ಧಕ್ಕೆ ನಾಲ್ಕು ಕಂಬ ನೆಟ್ಟು ಮೇಲೂ ಸುತ್ತಲೂ ಬಿಗಿಯಾಗಿ ಬಲೆ ಕಟ್ಟಬಹುದು. ಜೇನು ನುಸುಳುವಷ್ಟು ಅಗಲದ ಕಣ್ಣಿನ ಬಲೆ ಆರಿಸಬೇಕು. ಹತ್ತಡಿ ಚೌಕಕ್ಕೆ ಇದು ಕೈಗೆಟುಕುವ ಖರ್ಚು. ಬಲೆಯ ಹೊರಗೆ ಸುವರ್ಣಗೆಡ್ಡೆ, ಕೆಸು, ಅರಿಶಿನ, ಶುಂಠಿ, ಸೂಜಿಮೆಣಸು ಇರಲಿ. ಕೆಸು, ಸುವರ್ಣಗೆಡ್ಡೆಗಳಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಬಾಯಿ ತುರಿಸುವುದರಿಂದ ಮಂಗಗಳು ಸಾಮಾನ್ಯವಾಗಿ ಅವುಗಳ ತಂಟೆಗೆ ಬರುವುದಿಲ್ಲ.

ಇದಕ್ಕಿಂತ ಗಂಭೀರವಾಗಿ ನೋಡಬೇಕಾದದ್ದು ಮಂಗನ ಕಾಯಿಲೆ. ಹೊರಗೆ ಓಡಾಡಲು ಅತಿ ಹಿತವಾದ ತಿಂಗಳುಗಳೇ ಈ ಕಾಯಿಲೆ ಹರಡುವ ತಿಂಗಳುಗಳೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಸ್ ಉಣುಗಿನ ಕಡಿತದಿಂದ ಮನುಷ್ಯರಿಗೆ ಬರುತ್ತದೆ. ಎಳೆಯ ಉಣುಗುಗಳು ಒಣ ಎಲೆಗಳ ನಡುವೆ ಹೆಚ್ಚಾಗುವುದು ಜನವರಿಯಿಂದ ಮೇ ತನಕ. ಇತ್ತೀಚಿನ ವರ್ಷಗಳಲ್ಲಿ ನಮ್ಮ ತಾಲ್ಲೂಕುಗಳಲ್ಲೂ ಪ್ರಕರಣಗಳು ಕಂಡಿವೆ. ಹಳೆಯ ಲಸಿಕೆಯ ಬಳಕೆ ನಿಂತಿದೆ, ಸದ್ಯಕ್ಕೆ ಎಚ್ಚರವೇ ರಕ್ಷಣೆ.

ತರಕಾರಿ ಬೆಳೆಯುವವರಿಗೆ ಇದರಲ್ಲಿ ನೇರವಾದ ಪಾಠವಿದೆ. ಪಾತಿಗೆ ಮುಚ್ಚಲೆಂದು ಈ ತಿಂಗಳುಗಳಲ್ಲಿ ಕಾಡಿನಿಂದ ದರಗು ಗುಡಿಸಿ ತರಬೇಡಿ. ಅದರ ಜೊತೆ ಉಣುಗು ಮನೆಯಂಗಳಕ್ಕೆ ಬರುತ್ತದೆ. ತೋಟದ ಸೋಗೆ, ಹಾಳೆ, ಅಡಿಕೆ ಸಿಪ್ಪೆಯೇ ಮುಚ್ಚಿಗೆಗೆ ಸಾಕು. ಕಾಡಿಗೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿ, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಗುಡಿಸಿ ಚೊಕ್ಕವಾಗಿಟ್ಟ ಅಂಗಳದ ಪಾತಿಯಲ್ಲಿ ಕೆಲಸ ಮಾಡುವುದು ಕಾಡಂಚಿನ ಹೊಲಕ್ಕಿಂತ ಈ ದೃಷ್ಟಿಯಿಂದಲೂ ಕ್ಷೇಮ. ನಮ್ಮ ಕಡೆ ಆನೆ, ಕಾಡುಹಂದಿಗಳ ಓಡಾಟ ಇರುವ ಊರುಗಳಿಗಂತೂ ಈ ಮಾತು ಇನ್ನಷ್ಟು ಅನ್ವಯ.

ಎಷ್ಟು ಸಿಗುತ್ತದೆ, ಏನು ಸಿಗುತ್ತದೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಒಬ್ಬರಿಗೆ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ ಬೇಕೆನ್ನುತ್ತದೆ. ನಾಲ್ಕು ಜನರ ಮನೆಗೆ 1.6 ಕಿಲೋ. ಹತ್ತಡಿ ಪಾತಿ ಇಷ್ಟನ್ನೂ ದಿನಾ ಕೊಡಲಾರದು. ಆದರೆ ನಮ್ಮ ಊಟದಲ್ಲಿ ಬಹಳ ಕಡಿಮೆಯಾಗಿರುವ ಸೊಪ್ಪಿನ ಪಾಲನ್ನು ಅದು ತುಂಬಬಲ್ಲದು. ಕೊಯ್ದ ಸೊಪ್ಪಿನ ಸಿ ಜೀವಸತ್ವ ಗಂಟೆಗಂಟೆಗೂ ಇಳಿಯುತ್ತದೆ. ಲಾರಿಯಲ್ಲಿ ಬಂದು ಸಂತೆಯಲ್ಲಿ ಬಾಡಿದ ಕಟ್ಟಿಗೂ ಒಗ್ಗರಣೆ ಇಡುವ ಮೊದಲು ಕಿತ್ತು ತಂದ ಹರಿವೆಗೂ ರುಚಿಯಲ್ಲಿ ಮಾತ್ರ ಅಂತರವಿರುವುದಲ್ಲ.

ಬೀಜಕ್ಕೆ ಎರಡು ದಾರಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ’ ತಳಿಗಳು ಒಂದು. ಸೊರಗು ರೋಗ ಸೇರಿ ಮೂರು ರೋಗ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ, ಮತ್ತೆ ಮತ್ತೆ ಕೊಯ್ಯಬಹುದಾದ ಅರ್ಕಾ ಸುಗುಣ ಹರಿವೆ ಅವುಗಳಲ್ಲಿ ಎರಡು. ಇನ್ನೊಂದು ದಾರಿ ಊರಿನದೇ ಬೀಜ: ಕೆಂಪು ಹರಿವೆ, ಹಾಲುಬೆಂಡೆ, ಉದ್ದ ಅಲಸಂದೆ, ಮೊಗೆಕಾಯಿ. ಹೈಬ್ರಿಡ್ ಕಾಯಿಯ ಬೀಜ ತೆಗೆದು ಬಿತ್ತಿದರೆ ತಾಯಿಯಂಥ ಗಿಡ ಬರುವುದಿಲ್ಲ, ಊರ ತಳಿಯನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳಬಹುದು. ಶಿರಸಿಯಲ್ಲಿ 2001ರಲ್ಲಿ ಶುರುವಾದ ‘ವನಸ್ತ್ರೀ’ ಇಂಥ ಹಿತ್ತಲ ಬೀಜಗಳನ್ನು ಕಾಯುವ ಮಹಿಳೆಯರ ಬಳಗ. ಕೊಪ್ಪ, ಶೃಂಗೇರಿ ಕಡೆಯ ಸ್ವಸಹಾಯ ಸಂಘಗಳೂ ವಾರದ ಸಭೆಯಲ್ಲಿ ಒಂದು ಹಿಡಿ ಬೀಜ ಹಂಚಿಕೊಂಡರೆ ಆ ಕೆಲಸ ಇಲ್ಲೂ ಬೇರುಬಿಡುತ್ತದೆ.

ಶಾಲೆಯ ಕೈತೋಟದ ಬಗ್ಗೆಯೂ ಒಂದು ಮಾತು. ಬಿಸಿಯೂಟಕ್ಕೆ ತರಕಾರಿ ಬೆಳೆಯುವ ಶಾಲೆಗಳು ಮಲೆನಾಡಿನಲ್ಲಿ ಫೆಬ್ರುವರಿಯಲ್ಲಿ ಬಿತ್ತಿದರೆ ಕಾಯಿ ಬರುವ ಹೊತ್ತಿಗೆ ಬೇಸಿಗೆ ರಜೆ. ಶಾಲೆಗಳು ಮಳೆ ಬಿಟ್ಟ ಕೂಡಲೇ, ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಬಿತ್ತಬೇಕು. ಆಗ ಮಕ್ಕಳು ಬೆಳೆದದ್ದು ಮಕ್ಕಳ ತಟ್ಟೆಗೇ ಬೀಳುತ್ತದೆ. ರಜೆಯಲ್ಲಿ ಆ ಮಕ್ಕಳಿಗೆ ಮನೆಯ ಪಾತಿ ಇರಲಿ.

ಈ ಪಾತಿಯಿಂದ ಸಿಗುವ ಇನ್ನೊಂದು ಲಾಭಕ್ಕೆ ತೂಕವಿಲ್ಲ, ಬೆಲೆಯಿಲ್ಲ. ಅಡಿಕೆ ತೋಟಕ್ಕೆ ನಾವು ಕೆಲಸಕ್ಕೆಂದು ಹೋಗುತ್ತೇವೆ. ಅಲ್ಲಿ ಎಲೆಚುಕ್ಕೆ ರೋಗದ ಚಿಂತೆ, ಧಾರಣೆಯ ಚಿಂತೆ ಬೆನ್ನಿಗಿರುತ್ತದೆ. ಹತ್ತಡಿ ಪಾತಿಯಲ್ಲಿ ಕಳೆದುಕೊಳ್ಳುವಂಥದ್ದು ಏನಿಲ್ಲ. ಬೆಳಗಿನ ಅರ್ಧ ಗಂಟೆ ಅಲ್ಲಿ ನಿಂತವರಿಗೆ ಮೊಳಕೆ ಮಣ್ಣನ್ನು ಎತ್ತಿ ಹೊರಬರುವುದು, ಬಳ್ಳಿಯ ಎಳೆ ಆಸರೆ ಹುಡುಕಿ ಸುತ್ತಿಕೊಳ್ಳುವುದು ಕಾಣುತ್ತದೆ. ವಯಸ್ಸಾದವರಿಗೆ ಮೈಗೆ ತಕ್ಕ ಕೆಲಸ, ಮಕ್ಕಳಿಗೆ ಕಣ್ಣಿಗೆ ಬೇಕಾದಷ್ಟು ಕೌತುಕ, ದುಡಿಯುವವರಿಗೆ ಲೆಕ್ಕಪತ್ರವಿಲ್ಲದ ಸಂತೋಷ. ಇದು ದಿನಾ ಸಿಗಬೇಕೆಂದರೆ ಪಾತಿ ಕಣ್ಣಳತೆಯಲ್ಲೇ ಇರಬೇಕು.

ಆದ್ದರಿಂದ ಈ ವಾರವೇ ಶುರುಮಾಡಿ. ಬಿಸಿಲು ಬೀಳುವ ಹತ್ತಡಿ ಜಾಗ ಗುರುತಿಸಿ, ಅಗೆದು, ಬೂದಿ ಸೇರಿಸಿ. ಮುಂದಿನ ವಾರ ಗೊಬ್ಬರ ಹಾಕಿ ಎರಡೂವರೆ ಅಡಿ ಅಗಲದ ಮೂರು ಪಾತಿ ಮಾಡಿ, ನಡುವೆ ಕಾಲಿಡಲು ದಾರಿ ಬಿಡಿ. ಹರಿವೆಯ ಸಣ್ಣ ಬೀಜಕ್ಕೆ ಒಣ ಮರಳು ಬೆರೆಸಿ ಚೆಲ್ಲಿ. ಇರುವೆ ಬೀಜ ಹೊರದಂತೆ ಸುತ್ತ ಒಂದಿಷ್ಟು ಅಕ್ಕಿತರಿ ಉದುರಿಸಿ. ಬೆಂಡೆ, ಅಲಸಂದೆಯನ್ನು ರಾತ್ರಿ ನೆನೆಸಿ ಊರಿ. ಅಂಚಿಗೆ ಒಂದು ಬಸಳೆ ಕಡ್ಡಿ, ಒಂದು ಮೊಗೆಕಾಯಿ ಬಳ್ಳಿ ಇರಲಿ. ಬೆಳೆ ಚೆನ್ನಾಗಿ ಬಂದು ಮುಂದಿನ ವರ್ಷ ಜಾಗ ಹಿಗ್ಗಿಸುವ ಆಸೆಯಾದರೆ, ಈ ಏಪ್ರಿಲ್ ಕೊನೆಯಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ನೀರು ಉಳಿದಿತ್ತು, ಬೆಳಗ್ಗೆ ನಿಮಗೆ ಎಷ್ಟು ಹೊತ್ತು ಬಿಡುವಿತ್ತು ಎಂದು ಮೊದಲು ನೋಡಿಕೊಳ್ಳಿ. ಈ ಎರಡು ಎಷ್ಟು ದೊಡ್ಡವೋ ಪಾತಿಯೂ ಅಷ್ಟೇ ದೊಡ್ಡದಿರಲಿ.